ಸೋದರಮಾವನ ಕೈ ತಳ್ಳಿದ ಹುಡುಗ

ರಿಗ್ ಕ್ಯಾಂಪ್, ದುಖಾನ್ ಕಡೆಯ ಮರಳುಗಾಡು
೧೬ ಜನವರಿ ೨೦೨೫

ಪ್ರೀತಿಯ ತಂಗಿ ಪ್ರೇಮಾವತಿಗೆ,

ನಿನ್ನ ಅಣ್ಣ ಬೋಜನ ಆಶೀರ್ವಾದಗಳು. ನಾನು ಕ್ಷೇಮ. ನೀನು, ಭಾವ, ನಿನ್ನ ಹೊಲಿಗೆ ಮಿಷನ್ ಮೂವರೂ ಕ್ಷೇಮವೆಂದು ನಂಬಿದ್ದೇನೆ.

ಕಾಗದ ತಡವಾಯಿತು, ಕ್ಷಮಿಸು. ನೀನು ಕಳಿಸಿದ ಒಣ ಸಿಗಡಿ ಚಟ್ನಿ ಕ್ರಿಸ್ಮಸ್ಸಿಗೆ ಮೊದಲೇ ಕೈ ಸೇರಿತ್ತು. ಧನ್ಯವಾದ ಮಾತ್ರ ಈಗ ಹೊರಡುತ್ತಿದೆ. ಆ ಡಬ್ಬವನ್ನು ಕ್ಯಾಂಟೀನಿನಲ್ಲಿ ತೆರೆದ ದಿನ ಕ್ಯಾಂಪಿನ ಫಿಲಿಪಿನೋ ಸೇಫ್ಟಿ ಹುಡುಗ ಗ್ಯಾಸ್ ಅಳೆಯುವ ಮೀಟರು ಹಿಡಿದು ಓಡಿ ಬಂದ. ಮೀಟರು ಏನನ್ನೂ ತೋರಿಸಲಿಲ್ಲ. ಮೂಗನ್ನು ನಂಬಬೇಕೋ ಮೀಟರನ್ನು ನಂಬಬೇಕೋ ತಿಳಿಯದೆ ಪಾಪ ಅಲ್ಲೇ ನಿಂತ. ನಾವು ಅವನಿಗೂ ಒಂದು ಚಮಚ ಬಡಿಸಿ ಕಳಿಸಿದೆವು.

'ವಾಟ್ಸಾಪು, ವಿಡಿಯೋ ಎಲ್ಲ ಇರುವ ಕಾಲದಲ್ಲಿ ಅಣ್ಣನಿಗೆ ಎಂತ ಈ ಕಾಗದದ ಮರುಳು' ಎಂದು ನೀನು ಮಗನ ಹತ್ತಿರ ಕೇಳಿದೆಯಂತೆ. ಉತ್ತರ ಸರಳ. ಫೋನಿನಲ್ಲಿ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ. ನಾನು ಹಲೋ ಎಂದರೆ ಸಾಕು, ಕಟಪಾಡಿ ಪೇಟೆಯ ಸಮಸ್ತ ಸುದ್ದಿಯೂ ಭಾರೀ ಒತ್ತಡದಲ್ಲಿ ಹೊರಗೆ ಬರುತ್ತದೆ. ನನ್ನ ಕಸುಬೇ ಎಣ್ಣೆಬಾವಿ ಚಿಮ್ಮುವುದನ್ನು ತಡೆಯುವುದು. ಆದರೂ ನಿನ್ನ ಅಳತೆಯ ಮುಚ್ಚಳವನ್ನು ಯಾವ ಕಂಪೆನಿಯೂ ಇನ್ನೂ ತಯಾರಿಸಿಲ್ಲ. ಕಾಗದವಾದರೆ ನಾನು ಮಾತಾಡುತ್ತೇನೆ, ನೀನು ಕೇಳಬೇಕು. ಮಿಷನ್ ನಿಲ್ಲಿಸಿ ಕೂತುಕೋ.

ದೋಹಾ ಹತ್ತಿರದ ಅಲ್ ವುಕೈರ್ ಫ್ಲ್ಯಾಟಿನಲ್ಲಿ ನಿನ್ನ ಅತ್ತಿಗೆಯೂ ಮಗಳು ಯಶ್ಮಿತಾಳೂ ಚೆನ್ನಾಗಿದ್ದಾರೆ. ಹೋದ ಸಲ ನಾನು ರಜೆಯಲ್ಲಿ ಮನೆಗೆ ಹೋಗಿದ್ದಾಗ ಮೇಲಿನ ಮನೆಯ ಮಲಯಾಳಿ ಇಳಿದು ಬಂದು, ನಮ್ಮ ಟೀವಿಯಿಂದಾಗಿ ತಾನು ಕನ್ನಡ ಕಲಿಯುತ್ತಿದ್ದೇನೆ, ಬಹಳ ಉಪಕಾರವಾಯಿತು ಎಂದು ಹೇಳಿ ಹೋದ. ಯಶ್ಮಿತಾ ನಾಚಿ ರೂಮು ಸೇರಿದಳು. ಭಾಷಾ ಪ್ರಸಾರ ಮಾಡಿದರೂ ತಪ್ಪು ಈ ಕಾಲದಲ್ಲಿ.

ಈಗ ವಿಷಯಕ್ಕೆ ಬರುತ್ತೇನೆ. ಇದು ಒಂದು ದೂರು. ನಿನ್ನ ಮಗ ಕೃತಿಕ್, ನನ್ನ ಶಿಫಾರಸಿನಿಂದ ಈ ರಿಗ್ಗಿಗೆ ಬಂದವನು, ಈಗ ನನ್ನದೇ ಕೈಕೆಳಗೆ ಅಸಿಸ್ಟೆಂಟ್ ಡ್ರಿಲ್ಲರ್ ಆಗಿರುವವನು, ನನ್ನೆದುರು ಕುರ್ಚಿಯ ತುದಿಯಲ್ಲಿ ಮಾತ್ರ ಕೂರುವವನು, ನಿನ್ನೆ ಮಧ್ಯಾಹ್ನ ಇಡೀ ಕ್ರೂ ನೋಡುತ್ತಿರುವಾಗ ಸೋದರಮಾವನ ಕೈ ತಳ್ಳಿದ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಎರಡು ವರ್ಷಕ್ಕೊಮ್ಮೆ ನಮ್ಮನ್ನೆಲ್ಲ ದೋಹಾದ ತರಬೇತಿ ಕೇಂದ್ರಕ್ಕೆ ಕರೆಸಿ, ಚಿಮ್ಮುವ ಬಾವಿಯನ್ನು ಹಿಡಿಯುವುದು ಹೇಗೆಂದು ಪರೀಕ್ಷೆ ಮಾಡುತ್ತಾರೆ. ಮೊದಲ ದಿನ ಒಂದು ಹಳೆಯ ಸಿನಿಮಾ ತೋರಿಸುವುದು ಪದ್ಧತಿ. ನೂರು ವರ್ಷದಷ್ಟು ಹಿಂದಿನದು, ಕಪ್ಪುಬಿಳುಪು, ಮೂಕಿ. ಒಂದು ಮರದ ಗೋಪುರ, ಅದರ ನೆತ್ತಿ ಒಡೆದು ಎಣ್ಣೆ ಆಕಾಶಕ್ಕೆ ಹಾರುತ್ತಿರುತ್ತದೆ. ಕೆಳಗೆ ಜನ ಟೊಪ್ಪಿ ಮೇಲೆಸೆದು ಕುಣಿಯುತ್ತಾರೆ. ಮುಖ, ಮೀಸೆ, ಹಲ್ಲು ಎಲ್ಲ ಕಪ್ಪು. ಹೆಂಗಸರು ಮಕ್ಕಳನ್ನೂ ತಿಂಡಿಯ ಬುಟ್ಟಿಯನ್ನೂ ಕಟ್ಟಿಕೊಂಡು ಬಂದಿದ್ದಾರೆ. ಆಗ ಬಾವಿಗೆ ಮುಚ್ಚಳ ಎಂಬುದೇ ಇರಲಿಲ್ಲ. ಚಿಮ್ಮಿದರೆ ಭಾಗ್ಯ ಬಂತು ಎಂದರ್ಥ. ಅದಾಗಿ ನಿಲ್ಲುವವರೆಗೆ ಹರಿಯಲು ಬಿಟ್ಟು, ಸುತ್ತ ಮಣ್ಣಿನ ಒಡ್ಡು ಕಟ್ಟಿ, ಕೆರೆಯ ನೀರಿನ ಹಾಗೆ ಎಣ್ಣೆ ಹಿಡಿಯುತ್ತಿದ್ದರು. ಯಾರಾದರೂ ಚುಟ್ಟಾ ಹಚ್ಚಿದರೆ ಗೋಪುರ, ಟೊಪ್ಪಿ, ಬುಟ್ಟಿ ಎಲ್ಲ ಒಟ್ಟಿಗೆ ಬೂದಿ. ಆಮೇಲೆ ಯಾರೋ ಪುಣ್ಯಾತ್ಮರು ಎರಡು ಬದಿಯಿಂದ ಕಬ್ಬಿಣದ ದವಡೆ ಒತ್ತಿ ಬಾವಿಯ ಬಾಯಿ ಮುಚ್ಚುವ ಯಂತ್ರ ಕಟ್ಟಿದರು. ನಾವು ಅದಕ್ಕೆ ಬಿಓಪಿ ಎನ್ನುತ್ತೇವೆ. ಅಂದಿನಿಂದ ಕುಣಿತ ನಿಂತಿತು. ಈಗ ಬಾವಿ ಚಿಮ್ಮಿದರೆ ಟೊಪ್ಪಿಯ ಜೊತೆ ನೌಕರಿಯನ್ನೂ ಎಸೆದು ವಿಮಾನ ಹತ್ತಬೇಕು.

ಬಾವಿಯನ್ನು ದಿನವಿಡೀ ಹಿಡಿದಿಡುವುದು ಮುಚ್ಚಳವಲ್ಲ, ಮಡ್. ಕೊರೆಯುವಾಗ ಪೈಪಿನೊಳಗಿಂದ ಕೆಸರಿನಂಥ ಹಿಟ್ಟೊಂದನ್ನು ತಳಕ್ಕೆ ದೂಡುತ್ತೇವೆ. ಅದು ಪೈಪಿನ ಹೊರಗಿನಿಂದ ಏರಿ ಬಂದು ಟ್ಯಾಂಕಿಗೆ ಬೀಳುತ್ತದೆ. ಅದರ ಭಾರವೇ ಕೆಳಗಿನ ಗ್ಯಾಸನ್ನು ಅದುಮಿಟ್ಟಿರುತ್ತದೆ. ನಮ್ಮ ಮಡ್ ಕಲಸುವವನು ಉಳ್ಳಾಲದ ಪಕೀರಬ್ಬ. ಅವನ ಪ್ರಕಾರ ಜಗತ್ತಿನಲ್ಲಿ ಮಡ್ ಎರಡೇ ಬಗೆ, ನೀರುದೋಸೆ ಮತ್ತು ಇಡ್ಲಿ. ಹಿಟ್ಟು ತೆಳುವಾದರೆ ಗ್ಯಾಸು ಏಳುತ್ತದೆ. ಎದ್ದ ಗ್ಯಾಸು ಹಿಟ್ಟನ್ನು ಮೇಲೆ ನೂಕುತ್ತದೆ, ಹಾಕಿದ್ದಕ್ಕಿಂತ ಹೆಚ್ಚು ವಾಪಸು ಬರುತ್ತದೆ. ಟ್ಯಾಂಕು ಏರುತ್ತದೆ, ಅಲಾರಂ ಹೊಡೆಯುತ್ತದೆ. ಆಗ ಡ್ರಿಲ್ಲರ್ ಯಾರಪ್ಪಣೆಗೂ ಕಾಯದೆ ಬಾವಿಯ ಬಾಯಿ ಮುಚ್ಚಬೇಕು. ಮೊದಲು ಮುಚ್ಚುವುದು, ಆಮೇಲೆ ಮಾತು. ಡ್ರಿಲ್ಲರ್ ಎಂದರೆ ಈ ಕಾಗದ ಬರೆಯುತ್ತಿರುವ ಮಹನೀಯ.

ನಿನ್ನೆ ಊಟ ಮುಗಿಸಿ ಪೈಪು ಇಳಿಸುವ ಬ್ರೇಕಿನ ಮೇಲೆ ಕೈ ಇಟ್ಟು ನಿಂತಿದ್ದೆ. ನಮ್ಮದು ಹಳೆಯ ರಿಗ್. ಗಾಜಿನ ಕ್ಯಾಬಿನ್, ಮೆತ್ತನೆಯ ಕುರ್ಚಿ ಇತ್ಯಾದಿ ಸಿಂಹಾಸನಗಳಿಲ್ಲ. ಬಿಸಿಲು ನೇರ ಪ್ಯಾನೆಲಿನ ಮೇಲೆ ಬಿದ್ದು ಯಾವ ದೀಪ ಉರಿಯುತ್ತಿದೆ ಎಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ನಾನು ಮೇಲೆ ಗೋಪುರದಲ್ಲಿದ್ದವನಿಗೆ ಕೈಸನ್ನೆ ಮಾಡುತ್ತಿದ್ದೆ. ಟ್ಯಾಂಕಿನ ಹತ್ತಿರ ಇದ್ದ ಕೃತಿಕ್ ಮೆಟ್ಟಿಲು ಹಾರಿ ಬಂದು ನನ್ನ ಬೆನ್ನ ಹಿಂದೆ ನಿಂತನಂತೆ. ನಿಂತೇ ಇದ್ದನಂತೆ, ಮಾಮ ತಿರುಗಲಿ ಎಂದು! ಹಿರಿಯರ ಭುಜ ಮುಟ್ಟಿ ಕರೆಯಬಾರದು ಎಂದು ಅವನಿಗೆ ಕಲಿಸಿದವಳು ನೀನು. ಬಾವಿ ಕುದಿಯುತ್ತಿರುವಾಗಲೂ ಆ ಪಾಠ ಬಿಡಲಿಲ್ಲ ಹುಡುಗ. 'ಮಾಮಾ, ಮಾಮಾ' ಎಂದು ಕರೆದನಂತೆ. ಈಗಿನ ಹುಡುಗರು ಬಾಯೊಳಗೇ ಮಾತಾಡುತ್ತಾರೆ. ನಾನು ತಿರುಗಲಿಲ್ಲ.

ಆಗ ನಿನ್ನ ಸುಪುತ್ರ ನನ್ನ ಕೈಯನ್ನು ಬ್ರೇಕಿನಿಂದ ಕಿತ್ತು ಬದಿಗೆ ತಳ್ಳಿದ. ಪೈಪು ಎತ್ತಿದ, ಪಂಪು ನಿಲ್ಲಿಸಿದ, ಬಿಓಪಿಯ ಹಿಡಿಕೆ ಎಳೆದ.

"ಏನೋ ಇದು! ಯಾರ ಕೈ ಅಂತ ಗೊತ್ತುಂಟಾ?" ಎಂದು ಗರ್ಜಿಸಿದೆ.

ಅವನು ಕೆಳಗೆ ತೋರಿಸಿದ. ಮಡ್ ನೊರೆಯುಕ್ಕಿ ನನ್ನ ಬೂಟಿನ ಲೇಸು ಮುಟ್ಟಿತ್ತು. ಒತ್ತಡದ ಮುಳ್ಳು ಏರತೊಡಗಿತ್ತು. ಈಗ ನಿಲ್ಲುತ್ತದೆ ಎಂದುಕೊಂಡೆ, ನಿಲ್ಲಲಿಲ್ಲ. ಅವನು ಇನ್ನೊಂದಿಷ್ಟು ಹೊತ್ತು ಮರ್ಯಾದೆಯಿಂದ ನಿಂತಿದ್ದರೆ ಆ ಹಳೆಯ ಸಿನಿಮಾದಲ್ಲಿ ನಾವೂ ಪಾತ್ರ ಮಾಡುತ್ತಿದ್ದೆವು.

ಅಷ್ಟರಲ್ಲಿ ನಮ್ಮ ಟೂಲ್‌ಪುಷರ್, ಅಂದರೆ ಇಡೀ ರಿಗ್ಗಿನ ಯಜಮಾನರು, ಶಿರ್ವದ ವಲೇರಿಯನ್ ಪೊರ್ಬುಗಳು ಏದುಸಿರು ಬಿಡುತ್ತ ಬಂದರು. "ಬೋಜಣ್ಣ, ಮುಚ್ಚಿದ್ದು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಕೃತಿಕ್ ಹೇಳಿದ: "ಮಾಮ ಸನ್ನೆ ಮಾಡಿದ್ರು ಸರ್. ನಾನು ಎಳೆದೆ."

ಪೊರ್ಬುಗಳು ನನ್ನ ಬೆನ್ನು ತಟ್ಟಿದರು. ನಾನು ಸನ್ನೆ ಮಾಡಿರಲಿಲ್ಲ, ಪ್ರೇಮಾ. ತಟ್ಟಿದ ಜಾಗ ಈಗಲೂ ಉರಿಯುತ್ತಿದೆ.

ಬಾವಿ ಮುಚ್ಚಿದೆ, ಸತ್ತಿಲ್ಲ. ಒಳಗೆ ಒತ್ತಡ ಹಾಗೆಯೇ ಇದೆ. ಪಕೀರಬ್ಬ ಇಡ್ಲಿ ಹಿಟ್ಟು ಕಲಸುತ್ತಿದ್ದಾನೆ. ಅದು ತಯಾರಾದ ಮೇಲೆ ಕೆಳಗಿಳಿಸಿ ಗ್ಯಾಸನ್ನು ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಿಡಬೇಕು. ಈ ಗ್ಯಾಸಿನಲ್ಲಿ ವಿಷವೂ ಉಂಟು. ಹೆದರಬೇಡ. ನೀನು ಇದನ್ನು ಓದುವಾಗ ಎಲ್ಲ ಮುಗಿದಿರುತ್ತದೆ, ಹಾಗೋ ಹೀಗೋ. ಆಮೇಲೆ ಹೆಡ್ ಆಫೀಸಿನಿಂದ ವಿಚಾರಣೆಗೆ ಬರುತ್ತಾರೆ. ಯಾರು ಏನು ಮಾಡಿದರು, ಯಾವಾಗ ಮಾಡಿದರು ಎಂದು ಕೆದಕುತ್ತಾರೆ. ಅಂಥ ಕೆದಕಾಟ ಮುಗಿದ ಮೇಲೆ ಸಾಮಾನ್ಯವಾಗಿ ಒಬ್ಬ ಊರಿಗೆ ಹೋಗುತ್ತಾನೆ.

ನಿನ್ನ ಮಗ ಊಟ ಮಾಡಿದ್ದಾನೆ. ನನ್ನ ಮುಖ ಮಾತ್ರ ನೋಡುತ್ತಿಲ್ಲ.

ಇಂತು ನಿನ್ನ ಅಣ್ಣ,
ಬೋಜ


ರಿಗ್ ಕ್ಯಾಂಪ್
೨೧ ಜನವರಿ ೨೦೨೫

ಪ್ರೀತಿಯ ಪ್ರೇಮಾ,

ಬಾವಿ ಸತ್ತಿದೆ. ನಾವು ಬದುಕಿದ್ದೇವೆ. ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಇಲ್ಲದಿದ್ದರೆ ನೀನು ಕಾಗದವನ್ನು ಬುಡದಿಂದ ಓದಲು ಶುರು ಮಾಡುತ್ತೀ.

ಬಾವಿಯನ್ನು ಶಾಂತ ಮಾಡುವುದಕ್ಕೆ ನಮ್ಮಲ್ಲಿ ಕೊಲ್ಲುವುದು ಎಂದೇ ಹೆಸರು. ಬೆಳಿಗ್ಗೆ ತಿಂಡಿಯಾದ ಮೇಲೆ ಶುರು ಮಾಡಿದೆವು. ಪೊರ್ಬುಗಳು ಗ್ಯಾಸು ಹೊರಬಿಡುವ ವಾಲ್ವಿನ ಹತ್ತಿರ, ನಾನು ಪಂಪಿನ ಹತ್ತಿರ. ಅವರು ವಾಲ್ವು ಹೆಚ್ಚು ತೆರೆದರೆ ಕೆಳಗಿನಿಂದ ಇನ್ನಷ್ಟು ಗ್ಯಾಸು ನುಗ್ಗುತ್ತದೆ. ಕಡಿಮೆ ತೆರೆದರೆ ಒತ್ತಡ ಏರಿ ಕೆಳಗೆ ಬಂಡೆ ಒಡೆದು ಬಾವಿ ಬೇರೆ ಕಡೆಯಿಂದ ಹೊರಡುತ್ತದೆ. ಆದ್ದರಿಂದ ಅವರ ಕೈಯೂ ನನ್ನ ಪಂಪೂ ಹೊಸ ದಂಪತಿಗಳ ಹಾಗೆ ಒಬ್ಬರನ್ನೊಬ್ಬರು ನೋಡಿಕೊಂಡೇ ನಡೆಯಬೇಕು. ಸಮಸ್ಯೆ ಏನೆಂದರೆ ಈ ದಂಪತಿಗಳ ನಡುವೆ ಒಂದು ಕಬ್ಬಿಣದ ಗೋಡೆ ಇತ್ತು.

ನನ್ನ ಎದೆಯ ಮೇಲೆ ರೇಡಿಯೋ ಇತ್ತು. ಪೊರ್ಬುಗಳು ಅದರಲ್ಲಿ ಹೇಳಿದರೆ ಸಾಕಾಗಿತ್ತು. ಆದರೂ ಕೃತಿಕ್ ಇಬ್ಬರಿಗೂ ಕಾಣುವ ಹಾಗೆ ಗೋಡೆಯ ಕೊನೆಗೆ ಹೋಗಿ ನಿಂತ. ಯಾರೂ ಅವನಿಗೆ ಹೇಳಿರಲಿಲ್ಲ. ಅವರು ಹೇಳಿದ್ದನ್ನೆಲ್ಲ ಸರ್ಕಲ್ಲಿನ ಪೊಲೀಸಿನ ಹಾಗೆ ಕೈಯಲ್ಲಿ ತೋರಿಸತೊಡಗಿದ. ಅಂಗೈ ಮೇಲೆ, ಪಂಪು ಹೆಚ್ಚು. ಅಂಗೈ ಕೆಳಗೆ, ಕಡಿಮೆ. ಮುಷ್ಟಿ, ಹಾಗೇ ಇರಲಿ. ನಾನು ಅವನ ಕೈಯನ್ನೇ ನೋಡುತ್ತ ಇದ್ದೆ. ಮೊನ್ನೆ ನನ್ನನ್ನು ತಳ್ಳಿದ ಕೈ.

ಸ್ವಲ್ಪ ಹೊತ್ತಿನ ಮೇಲೆ ಗ್ಯಾಸು ಮೇಲೆ ಬಂತು. ದೂರದ ಹೊಂಡದಲ್ಲಿ ಅದನ್ನು ಸುಡುತ್ತಾರೆ. ಹಗಲಿನಲ್ಲೂ ನಮ್ಮ ನೆರಳು ನಮ್ಮ ಮುಂದೆ ಬಿದ್ದಿತು, ಆ ಬೆಂಕಿ ಅಷ್ಟು. ಎಲ್ಲರೂ ಗಾಳಿಯ ದಿಕ್ಕು ತೋರಿಸುವ ಚೀಲ ನೋಡುತ್ತಿದ್ದೆವು. ಗಾಳಿ ನಮ್ಮಿಂದ ಹೊಂಡದ ಕಡೆಗೆ ಬೀಸಬೇಕು. ಬೀಸುತ್ತಿತ್ತು. ಮತ್ತೆ ಚೀಲ ಜೋತುಬಿತ್ತು. ಆಮೇಲೆ ನಿಧಾನವಾಗಿ ತಿರುಗಿ ನಮ್ಮ ಕಡೆಗೇ ಬೆರಳು ತೋರಿಸಿತು.

ಕೊಳೆತ ಮೊಟ್ಟೆಯ ವಾಸನೆ ಬಂತು. ಅನಂತರ ನಿಂತಿತು. ಹೊಸಬರು ಇಲ್ಲಿ ಮೋಸ ಹೋಗುತ್ತಾರೆ, ಪ್ರೇಮಾ. ವಾಸನೆ ನಿಂತರೆ ಗ್ಯಾಸು ಹೋಯಿತು ಎಂದಲ್ಲ, ಮೂಗು ಸತ್ತಿತು ಎಂದರ್ಥ. ಸತ್ತ ಮೂಗು ತಾನು ಸತ್ತಿದ್ದೇನೆ ಎಂದು ಹೇಳುವುದಿಲ್ಲ, ಎಲ್ಲ ಸರಿಯಾಗಿದೆ ಎಂದೇ ಹೇಳುತ್ತದೆ. ಪೊರ್ಬುಗಳು ಕೈ ಬೀಸಿದರು: ಯಲ್ಲಾ, ಬೇಗ, ಉಳಿದವರೆಲ್ಲ ಗಾಳಿಗೆ ಅಡ್ಡಲಾಗಿ ಓಡಿ. ಜನ ಓಡಿದರು. ನಾವು ಮೂವರು ಮಾಸ್ಕ್ ಕಟ್ಟಿಕೊಂಡು ಉಳಿದೆವು. ಬೆನ್ನಿನ ಸಿಲಿಂಡರಿನಲ್ಲಿ ಇರುವ ಗಾಳಿ ಸ್ವಲ್ಪವೇ. ನನ್ನ ಮಾಸ್ಕಿನ ಗಾಜು ಬೆವರಿಗೆ ಮಂಜಾಯಿತು. ಕೃತಿಕ್‌ನ ಕೈ ಕಾಣಲಿಲ್ಲ.

ಆಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಪೊರ್ಬುಗಳು ರೇಡಿಯೋದಲ್ಲಿ ಏನೋ ಹೇಳಿರಬೇಕು. ಉರಿಯುವ ಹೊಂಡದ ಮೊರೆತ, ಪಂಪಿನ ಬಡಿತ. ಪಂಪು ಹೆಚ್ಚಿಸಲೋ ತಗ್ಗಿಸಲೋ? ನಾನು ಪಂಪನ್ನು ಮುಟ್ಟಲಿಲ್ಲ, ಬಿಡಲೂ ಇಲ್ಲ. ಯಾರೋ ನನ್ನ ಮಣಿಕಟ್ಟು ಹಿಡಿದರು. ನಿನ್ನ ಮಗ ಗೋಡೆಯ ಕೊನೆಯಿಂದ ನನ್ನ ಹತ್ತಿರವೇ ಬಂದುಬಿಟ್ಟಿದ್ದ. ಇನ್ನೊಂದು ಕೈಯಿಂದ ನನ್ನ ಅಂಗೈಯಲ್ಲಿ ಮುಷ್ಟಿ ಒತ್ತಿದ: ಹಾಗೇ ಇರಲಿ ಮಾಮ, ಹಾಗೇ ಇರಲಿ.

ಹಾಗೆಯೇ ಇಟ್ಟೆ. ಭಾರದ ಮಡ್ ಮೇಲೆ ಬಂತು, ಮುಳ್ಳು ಇಳಿಯುತ್ತ ಇಳಿಯುತ್ತ ಸೊನ್ನೆಗೆ ಮಲಗಿತು. ಗಾಳಿ ತಿರುಗಿತು, ಮಾಸ್ಕ್ ತೆಗೆದೆವು. ಪಕೀರಬ್ಬ ದೂರದಿಂದ ಓಡಿ ಬಂದು, "ಖಲಾಸ್ ಬೋಜಣ್ಣ! ಇಡ್ಲಿ ಬೆಂದಿತು!" ಎಂದು ನನ್ನನ್ನು ತಬ್ಬಿಕೊಂಡ. ಕುಣಿಯಲು ಕಾಲು ಬರಲಿಲ್ಲ. ಹೆಲ್ಮೆಟ್ಟು ಎಸೆಯುವುದಂತೂ ನಿಯಮಬಾಹಿರ.

ಇಷ್ಟಕ್ಕೆ ಕಾಗದ ಮುಗಿಸಿದ್ದರೆ ಚೆನ್ನಾಗಿತ್ತು.

ಮರುದಿನ ಹೆಡ್ ಆಫೀಸಿನ ಸಾಹೇಬರೊಬ್ಬರು ಲ್ಯಾಪ್‌ಟಾಪ್ ಹಿಡಿದು ಬಂದರು. ರಿಗ್ಗಿನ ಕಂಪ್ಯೂಟರು ಎಲ್ಲವನ್ನೂ ನೆನಪಿಟ್ಟಿರುತ್ತದೆ, ನಿನ್ನ ಹಾಗೆ. ಅಲಾರಂ ಹೊಡೆಯತೊಡಗಿ ಬಹಳ ಹೊತ್ತಾದ ಮೇಲೆ ಬಾವಿ ಮುಚ್ಚಿದೆ ಎಂದು ಅದು ಹೇಳಿತು. ತಡವಾದದ್ದು ಯಾರಿಂದ? ಕೃತಿಕ್ ಮೊದಲಿನ ಸುಳ್ಳಿಗೆ ಇನ್ನೊಂದು ಸೇರಿಸಿ ಕೊಟ್ಟ. ಮಾಮ ಕೂಡಲೇ ಸನ್ನೆ ಮಾಡಿದರು, ತಾನೇ ಗಾಬರಿಯಾಗಿ ಕಂಬದ ಹಾಗೆ ನಿಂತೆ, ಎಂದ. ಸಾಹೇಬರು ಬರೆದುಕೊಂಡರು. ಗಾಬರಿಯಾಗುವವನನ್ನು ರಿಗ್ಗಿನಲ್ಲಿ ಇಟ್ಟುಕೊಳ್ಳುವುದಿಲ್ಲ. ಅವನ ಸರ್ಟಿಫಿಕೇಟು ರದ್ದಾಗುತ್ತದೆ, ಊರಿಗೆ ಟಿಕೇಟು ಸಿಗುತ್ತದೆ. ನನಗೆ ಪ್ರಶಂಸಾಪತ್ರವಂತೆ!

ಪೊರ್ಬುಗಳಿಂದ ಇದು ಗೊತ್ತಾಗಿ ಅವನನ್ನು ಕ್ಯಾಂಟೀನಿನ ಹಿಂದೆ ಹಿಡಿದೆ.

"ಯಾಕೋ ಸುಳ್ಳು ಹೇಳಿದ್ದು?"

"ಇನ್ನೆಂತ ಹೇಳ್ಬೇಕಿತ್ತು ಮಾಮ?"

"ನಿಜ ಹೇಳ್ಬೇಕಿತ್ತು. ಮಾಮ ಸುಮ್ಮನೆ ನಿಂತಿದ್ರು, ನಾನು ಕೈ ತಳ್ಳಿ ಮುಚ್ಚಿದೆ ಅಂತ."

"ಆಯ್ತು, ಹೇಳಿದೆ ಅಂತ ಇಟ್ಕೊಳ್ಳಿ. ಅಲಾರಂ ಅಷ್ಟು ಹೊತ್ತು ತಲೆ ಮೇಲೆ ಹೊಡೀತಿತ್ತು, ನಿಮ್ಮ ಮಾಮ ಯಾಕೆ ಸುಮ್ಮನೆ ನಿಂತಿದ್ರು ಅಂತ ಕೇಳ್ತಾರೆ. ಅದಕ್ಕೆ ನೀವು ಎಂತ ಹೇಳ್ತೀರಿ?"

ನನ್ನ ಹತ್ತಿರ ಸಾಕಷ್ಟು ಉತ್ತರಗಳಿದ್ದವು. ಬಿಸಿಲು. ದೀಪ. ಈಗಿನ ಅಲಾರಂ ಮದುಮಗಳ ಹಾಗೆ ನಾಚುತ್ತದೆ. ಒಂದನ್ನು ಆರಿಸುವಷ್ಟರಲ್ಲಿ ಅವನೇ ಮುಂದುವರಿಸಿದ.

"ನಂಗೆ ಇನ್ನೊಂದು ರಿಗ್ ಸಿಗ್ತದೆ ಮಾಮ, ಇಲ್ಲಿ ಅಲ್ಲದಿದ್ರೆ ಮಸ್ಕತ್ತಿನಲ್ಲಿ. ನಿಮ್ಗೆ ಸಿಗ್ಲಿಕ್ಕಿಲ್ಲ" ಎಂದ. ಮತ್ತೆ ನೆಲ ನೋಡುತ್ತ, "ಅಮ್ಮನಿಗೆ ಇದೆಲ್ಲ ಬರೀಬೇಡಿ" ಎಂದ.

ಆದ್ದರಿಂದ ಬರೆಯುತ್ತಿದ್ದೇನೆ. ಗಾಬರಿಯಾದವನ ಸರ್ಟಿಫಿಕೇಟಿನಿಂದ ಮಸ್ಕತ್ತಿನಲ್ಲಿ ಬಾಗಿಲು ಕಾಯುವ ಕೆಲಸವೂ ಸಿಗುವುದಿಲ್ಲ. ಅದು ಅವನಿಗೂ ಗೊತ್ತು. ಮುಂದಿನ ವಾರ ದೋಹಾದಲ್ಲಿ ವಿಚಾರಣೆ. ಅಲ್ಲಿ ಬರೆದದ್ದು ಖಾಯಂ. ನಿನ್ನ ಮಗ ಅಲ್ಲಿ ಮೂರನೆಯ ಸಲ ಅದೇ ಸುಳ್ಳು ಹೇಳಲು ಅಂಗಿಗೆ ಇಸ್ತ್ರಿ ಹಾಕಿಸಿಕೊಂಡಿದ್ದಾನೆ.

ನಿನ್ನ ಅಣ್ಣ,
ಬೋಜ


ಅಲ್ ವುಕೈರ್
೩೦ ಜನವರಿ ೨೦೨೫

ಪ್ರೀತಿಯ ಪ್ರೇಮಾ,

ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನ ಅತ್ತಿಗೆ ಬಂಗುಡೆ ಹುರಿಯುತ್ತಿದ್ದಾಳೆ, ನಿನ್ನ ಮಗ ಸೋಫಾದ ತುದಿಯಲ್ಲಿ ಕೂತಿದ್ದಾನೆ. ತುದಿಯಲ್ಲೇ. ಅಂದರೆ ಸೃಷ್ಟಿ ಕ್ರಮಕ್ಕೆ ಮರಳಿದೆ ಎಂದು ತಿಳಿ.

ವಿಚಾರಣೆ ನಡೆದದ್ದು ಅದೇ ತರಬೇತಿ ಕೇಂದ್ರದಲ್ಲಿ. ಅಲ್ಲಿ ರಿಗ್ಗಿನ ಪ್ಯಾನೆಲಿನ ತದ್ರೂಪು ಕಟ್ಟಿಟ್ಟಿದ್ದಾರೆ, ಹುಡುಗರು ಕಲಿಯುವುದಕ್ಕೆ. ಅದೇ ಹಿಡಿಕೆ, ಅದೇ ದೀಪ, ಅದೇ ಅಲಾರಂ. ಮೇಜಿನ ಆಚೆ ಲ್ಯಾಪ್‌ಟಾಪಿನ ಸಾಹೇಬರು, ಪಕ್ಕದಲ್ಲಿ ಬರೆದುಕೊಳ್ಳುವ ಒಬ್ಬರು, ಈಚೆ ವಲೇರಿಯನ್ ಪೊರ್ಬು, ಕೃತಿಕ್, ನಾನು. ಏಸಿ ಎಷ್ಟಿತ್ತೆಂದರೆ ಅಪರಾಧಿಗಳು ಕೆಡದೆ ಇರಲಿ ಎಂದೇ ಇಟ್ಟ ಹಾಗಿತ್ತು.

ಕೃತಿಕ್ ಎದ್ದು ನಿಂತು ತನ್ನ ಪಾಠ ಒಪ್ಪಿಸಿದ. ಸಾಹೇಬರು ನನ್ನ ಕಡೆ ತಿರುಗಿದರು. "ಮಿಸ್ಟರ್ ಬೋಜ, ಇದು ಸರಿಯೇ?"

"ಸುಳ್ಳು" ಎಂದೆ.

ಕೃತಿಕ್ ತುಳುವಿನಲ್ಲಿ ಏನೋ ಪಿಸುಗುಟ್ಟಿದ. ಪೊರ್ಬುಗಳು, "ಬೋಜಣ್ಣ, ಸ್ವಲ್ಪ ಯೋಚನೆ ಮಾಡಿ ಮಾತಾಡಿ" ಎಂದರು. ವಾರವಿಡೀ ಮಾಡಿದ ಕೆಲಸ ಅದೊಂದೇ ಎಂದು ಅವರಿಗೆ ಹೇಗೆ ಹೇಳುವುದು?

ನಾನು ಸಾಹೇಬರಿಗೆ ಹೇಳಿದೆ: ನಾನು ಸನ್ನೆ ಮಾಡಲಿಲ್ಲ. ಈ ಹುಡುಗ ಗಾಬರಿಯಾಗಲಿಲ್ಲ. ಯಾಕೆ ತಡವಾಯಿತು ಎಂದು ಬಾಯಲ್ಲಿ ಹೇಳಿದರೆ ನಾನು ಅಳಿಯನನ್ನು ಉಳಿಸಲು ಹೇಳುತ್ತಿದ್ದೇನೆ ಎಂದು ನೀವು ಬರೆದುಕೊಳ್ಳುತ್ತೀರಿ. ಆದ್ದರಿಂದ ತೋರಿಸುತ್ತೇನೆ. ನಾನು ಪ್ಯಾನೆಲಿಗೆ ಬೆನ್ನು ಹಾಕಿ ಗೋಡೆ ನೋಡುತ್ತ ನಿಲ್ಲುತ್ತೇನೆ. ನೀವು ಅಲಾರಂ ಹೊಡೆಸಿ. ಕೇಳಿದ ಕೂಡಲೇ ಕೈ ಎತ್ತುತ್ತೇನೆ.

ಹೋಗಿ ನಿಂತೆ. ಗೋಡೆಯಲ್ಲಿ ಆ ಹಳೆಯ ಸಿನಿಮಾದ್ದೇ ಒಂದು ದೊಡ್ಡ ಫೋಟೋ ತೂಗುಹಾಕಿದ್ದಾರೆ. ಗೋಪುರ, ಎಣ್ಣೆ, ಗಾಳಿಯಲ್ಲಿ ಟೊಪ್ಪಿಗಳು. ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಒಬ್ಬ ಮಾತ್ರ ಕುಣಿಯುತ್ತಿಲ್ಲ, ಬದಿಯಲ್ಲಿ ನಿಂತು ಬಾಯಿ ದೊಡ್ಡದಾಗಿ ತೆರೆದಿದ್ದಾನೆ. ಓಡಿ ಎಂದು ಕೂಗುತ್ತಿದ್ದಾನೋ ಏನೋ. ಉಳಿದವರ ಗದ್ದಲದಲ್ಲಿ ಅವನದು ಯಾರಿಗೂ ಕೇಳಿದ ಹಾಗೆ ಕಾಣುವುದಿಲ್ಲ.

ಕಾದೆ. ನನ್ನ ಕೈ ತೊಡೆಯ ಪಕ್ಕದಲ್ಲಿ ಸಿದ್ಧವಾಗಿಯೇ ಇತ್ತು. ಒಳಗಿಂದೊಳಗೆ ಒಂದು ಆಸೆಯೂ ಇತ್ತು, ಸುಳ್ಳು ಏಕೆ ಹೇಳಲಿ. ಕೇಳಿದರೂ ಕೇಳೀತು, ಅಂದು ಬರೀ ಗಾಳಿಯ ದೋಷ ಇದ್ದೀತು ಎಂದು. ಸಾಹೇಬರು ಇನ್ನೂ ಗುಂಡಿ ಹುಡುಕುತ್ತಿದ್ದಾರೆ ಎಂದುಕೊಂಡೆ. ಇನ್ನೂ ಕಾದೆ. ಕೊನೆಗೆ, ಶುರು ಮಾಡಿ ಸರ್, ಎನ್ನಲು ತಿರುಗಿದೆ.

ವಲೇರಿಯನ್ ಪೊರ್ಬುಗಳು ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕೂತಿದ್ದರು.

ಬರೆದುಕೊಳ್ಳುವವರು ಪೆನ್ನು ಕೆಳಗಿಟ್ಟಿದ್ದರು. ಕೃತಿಕ್ ಹೋಗಿ ಅಲಾರಂ ನಿಲ್ಲಿಸಿದ. ನಿಲ್ಲಿಸಿದ್ದು ನನಗೆ ಅವನ ಕೈ ನೋಡಿ ಗೊತ್ತಾಯಿತು.

ಆಮೇಲಿನದು ಬೇಗ ಮುಗಿಯಿತು. ಸಾಹೇಬರು ಒಳ್ಳೆಯವರು, ಎದ್ದು ಬಂದು ನನ್ನ ಕೈ ಹಿಡಿದರು. ಕೃತಿಕ್‌ನ ಸರ್ಟಿಫಿಕೇಟು ಅವನ ಹತ್ತಿರವೇ ಇರುತ್ತದೆ. ಸುಳ್ಳು ಹೇಳಿದ್ದಕ್ಕೆ ಒಂದು ಎಚ್ಚರಿಕೆ. ಇನ್ನೊಂದು ಎಚ್ಚರಿಕೆ, ಬಾವಿ ಕುದಿಯುವಾಗ ಹಿರಿಯರು ತಿರುಗಲಿ ಎಂದು ಹಿಂದೆ ಕಾಯಬಾರದು ಎಂದು. ಅದನ್ನು ನಿನಗೂ ಒಂದು ಪ್ರತಿ ಕಳಿಸಬೇಕಿತ್ತು ಅವರು.

ನನ್ನನ್ನು ರಿಗ್ಗಿನಿಂದ ಇಳಿಸಿದ್ದಾರೆ. ಸರಿಯಾಗಿಯೇ ಮಾಡಿದರು. ಅಲಾರಂ ಕೇಳದವನ ಕೈಕೆಳಗೆ ಯಾರ ಮಗನೂ ನಿಲ್ಲಬಾರದು. ಪ್ರತಿ ವರ್ಷದ ತಪಾಸಣೆಯಲ್ಲಿ ಕಿವಿ ಸ್ವಲ್ಪ ಇಳಿದಿದೆ, ಸ್ವಲ್ಪ ಇಳಿದಿದೆ ಎನ್ನುತ್ತಿದ್ದರು. ಈ ವರ್ಷ ಮಾರ್ಚಿನ ತಪಾಸಣೆಗೆ ಕಾಯದೆ ಕೆಳಗೆ ಬಿದ್ದುಬಿಟ್ಟಿದೆ. ತರಬೇತಿ ಕೇಂದ್ರದಲ್ಲಿ ಹುಡುಗರಿಗೆ ಪಾಠ ಹೇಳುವ ಕೆಲಸಕ್ಕೆ ಕೇಳಿ ನೋಡುತ್ತೇನೆ ಎಂದರು ಪೊರ್ಬುಗಳು. ಸಿಗುತ್ತದೋ, ಅರಬ್ಬಿಯಲ್ಲಿ ಮಾಫಿ, ಅಂದರೆ ಇಲ್ಲ, ಎನ್ನುತ್ತಾರೋ ಗೊತ್ತಿಲ್ಲ. ಸಿಕ್ಕಿದರೆ ಆ ಸಿನಿಮಾ ತೋರಿಸುವುದು ನನ್ನ ಪಾಲಿಗೆ ಬರಲಿ. ಮೂಕಿ ಅಲ್ಲವೇ, ಅದಕ್ಕೆ ಕಿವಿ ಬೇಡ.

ಬರುವಾಗ ಕೃತಿಕ್ ಕಾರು ನಿಲ್ಲಿಸಿ ಸೂಕ್ ವಾಕಿಫ್ ಪೇಟೆಯಲ್ಲಿ ಚಹಾ ಕುಡಿಸಿದ. ನನಗೆ ಮೊದಲೇ ಗೊತ್ತಿತ್ತು ಮಾಮ, ಎಂದ. ಯಾವಾಗಿನಿಂದ ಎಂದು ಕೇಳಲಿಲ್ಲ. ಅವನು ಹೇಳುವಾಗ ನನ್ನ ಎದುರಿಗೆ ಕೂತು, ಮುಖ ನನ್ನ ಕಡೆ ಇಟ್ಟು, ತುಟಿ ಸರಿಯಾಗಿ ಆಡಿಸಿ ಹೇಳಿದ. ಅದರಿಂದಲೇ ಗೊತ್ತಾಯಿತು, ಬಹಳ ದಿನದಿಂದ ಹೀಗೇ ಮಾತಾಡುತ್ತಿದ್ದಾನೆ ಎಂದು. ನಾನು ಅದನ್ನು ಮರ್ಯಾದೆ ಎಂದುಕೊಂಡಿದ್ದೆ.

ಇನ್ನು ನನ್ನ ದೂರನ್ನು ವಾಪಸು ಪಡೆದಿದ್ದೇನೆ. ನಿನ್ನ ಮಗ ಮಾವನ ಕೈ ತಳ್ಳಿದ್ದು ನ್ಯಾಯವಾಗಿಯೇ ಇತ್ತು. ಇನ್ನು ಮೇಲೂ ಅಗತ್ಯ ಬಿದ್ದರೆ ತಳ್ಳಬಹುದು ಎಂದು ಅವನಿಗೆ ಲಿಖಿತ ಅನುಮತಿ ಕೊಡುತ್ತೇನೆ. ನೀನು ಅವನಿಗೆ ಬೈಯಬೇಡ, ಅಳಲೂ ಬೇಡ. ಅಳುವುದಾದರೆ ಗಿರಾಕಿಗಳ ಬ್ಲೌಸ್ ದೂರ ಇಟ್ಟು ಅಳು.

ಭಾವನಿಗೆ ನಮಸ್ಕಾರ. ಯಶ್ಮಿತಾ ತನ್ನ ಕೈಯಾರೆ ಕನ್ನಡದಲ್ಲಿ 'ಅತ್ತೆಗೆ ಪ್ರೀತಿ' ಎಂದು ಕೆಳಗೆ ಬರೆಯುತ್ತಾಳಂತೆ. ತ ಒತ್ತು ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ. ನಿನ್ನ ಮನೆ ತಣ್ಣಗಿರಲಿ, ನಿನ್ನ ಸೂಜಿಯ ನೂಲು ಕಡಿಯದಿರಲಿ, ನಿನ್ನ ಮಗ ನಿಂತ ನೆಲ ನಡುಗದಿರಲಿ.

ಇಂತು ನಿನ್ನ ಅಣ್ಣ,
ಬೋಜ

ತಾ. ಕ.: ಮೊದಲನೆಯ ಕಾಗದದಲ್ಲಿ, ಫೋನಿನಲ್ಲಿ ನೀನು ನನ್ನನ್ನು ಮಾತಾಡಲು ಬಿಡುವುದಿಲ್ಲ, ಅದಕ್ಕೇ ಕಾಗದ ಎಂದು ಬರೆದಿದ್ದೆನಲ್ಲ. ಅದು ಹಾಗಲ್ಲ. ಕಿವಿಯ ಡಾಕ್ಟರರು ನಿನ್ನೆ, ನನಗೆ ಯಾವ ದನಿ ಎಷ್ಟು ಕೇಳುತ್ತದೆ ಎಂಬುದರ ಒಂದು ಗೆರೆ ತೋರಿಸಿದರು. ಗಂಡಸರ ದಪ್ಪ ದನಿಗಳ ಕಡೆ ಗೆರೆ ನೆಟ್ಟಗಿದೆ. ಅಲಾರಂ ಇರುವ ಕಡೆ ಬಾವಿಗೆ ಬಿದ್ದ ಹಾಗೆ ಬೀಳುತ್ತದೆ. ಹಕ್ಕಿಗಳು, ಮಕ್ಕಳು, ಹೆಂಗಸರು ಎಲ್ಲ ಆ ಇಳಿಜಾರಿನಲ್ಲೇ ಇದ್ದಾರಂತೆ. ನೀನೂ ಅಲ್ಲೇ ಇದ್ದೀ, ಪ್ರೇಮಾ. ಹೋದ ಮಳೆಗಾಲದಿಂದ ಫೋನಿನಲ್ಲಿ ನೀನು ಮಾತಾಡುತ್ತಿದ್ದೀ ಎಂದು ಗೊತ್ತಾಗುತ್ತಿತ್ತು, ಏನೆಂದು ಗೊತ್ತಾಗುತ್ತಿರಲಿಲ್ಲ. ಹೂಂ ಹೂಂ ಎನ್ನುತ್ತಿದ್ದೆ. ನೀನು ನಗುತ್ತಿದ್ದೀಯೋ ಅಳುತ್ತಿದ್ದೀಯೋ ತಿಳಿಯದೆ ಹೂಂ ಎನ್ನುವುದು ಕಷ್ಟವಾಗಿ ಕೊನೆಗೆ ಫೋನ್ ಎತ್ತುವುದನ್ನೇ ಬಿಟ್ಟೆ. ಕಿವಿಗೆ ಒಂದು ಯಂತ್ರ ಕೊಡುತ್ತಾರಂತೆ. ಎಲ್ಲ ಮೊದಲಿನಂತಾಗುತ್ತದೆ ಎಂದು ಡಾಕ್ಟರರು ಹೇಳಲಿಲ್ಲ. ಆದರೂ ಅದು ಬಂದ ದಿನ ಮೊದಲ ಫೋನು ನಿನಗೇ. ಕಟಪಾಡಿ ಪೇಟೆಯ ಒಂದು ಸುದ್ದಿಯನ್ನೂ ಬಿಡಬೇಡ, ಎಲ್ಲ ಮೊದಲಿನಿಂದ ಹೇಳು. ನಾನು ನಡುವೆ ಬಾಯಿ ಹಾಕುವುದಿಲ್ಲ.